ಶನಿವಾರದ ಸೊನ್ನೆ

ಅರಿಶಿನ ಸಾಲಲಿಲ್ಲ. ತಿಮ್ಮಕ್ಕ ಬಟ್ಟಲ ತಳವನ್ನು ಬೆರಳಿನಿಂದ ಬಳಿದು ತಮ್ಮನ ಸತ್ತ ಹೆಂಡತಿಯ ಕೆನ್ನೆಗೆ ಹಚ್ಚಿದಳು, ಕಣ್ಣಿನ ಸುತ್ತ ಇನ್ನೊಮ್ಮೆ ಒತ್ತಿ ಮೆತ್ತಿದಳು, ಆಮೇಲೆ ಅಂಗಳದಲ್ಲಿದ್ದ ನೆರೆಮನೆಯವನನ್ನು ಕೂಗಿದಳು.

"ಕುಪ್ಪ, ಅಂಗಡಿಗೆ ಹೋಗಿ ಇನ್ನೊಂದು ಪ್ಯಾಕೆಟ್ ಅರಿಶಿನ ತಕೊಂಡು ಬಾ. ದೊಡ್ಡದು."

"ಮತ್ತೆ ಎಂತಕ್ಕೆ? ಆಗ್ಲೇ ಎರಡು ತಂದಾಯ್ತಲ್ಲ."

"ಗಂಡ ಇದ್ದ ಹಾಗೇ ಹೋದವಳು. ಅವಳಿಗೆ ಅರಿಶಿನಕ್ಕೂ ಕಂಜೂಸಿ ಮಾಡೂದಾ?"

ಹೆಂಗಸರು ತಲೆದೂಗಿದರು. ಮುತ್ತೈದೆ ಸಾವು ಪುಣ್ಯ ಮಾಡಿದವರಿಗೆ ಮಾತ್ರ ಎಂದು ಒಬ್ಬಳು ಹೇಳಿದಳು. ನಲವತ್ತೆಂಟಕ್ಕೆ ಸಾಯುವುದು ಯಾವ ಸೀಮೆಯ ಪುಣ್ಯ ಎಂದು ಯಾರೂ ಕೇಳಲಿಲ್ಲ. ಹೆಬಳೆಯ ಆ ಕೇರಿಯಲ್ಲಿ ಹದಿನಾಲ್ಕು ವರ್ಷ ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿ ಜ್ವರ, ಭೇದಿ, ಕಾಮಾಲೆ ಎಂದು ಬರೆದುಕೊಂಡ ಮಾಸ್ತಮ್ಮ ಈಗ ಮೈತುಂಬ ಹಳದಿಯಾಗಿ ಜಗಲಿಯ ಮೇಲೆ ಮಲಗಿದ್ದಳು. ಹಾರ್ಟು ನಿಂತುಹೋಯಿತು ಎಂದು ಗಂಡ ದಿವಾಕರ ಬಂದವರಿಗೆಲ್ಲ ಹೇಳುತ್ತಿದ್ದ. ಸುಳ್ಳೇನಲ್ಲ. ಸತ್ತವರೆಲ್ಲರ ಹಾರ್ಟೂ ನಿಂತೇ ಇರುತ್ತದೆ.

ಪಕ್ಕದ ಊರಿನ ಆಶಾ ಕಾರ್ಯಕರ್ತೆ ಹೇಮಾ ಬಂದು ಕಾಲ ಬಳಿ ಕುಳಿತಳು. ಅವಳಿಗೆ ಕೆಲಸ ಕಲಿಸಿದ್ದೇ ಮಾಸ್ತಮ್ಮ. ಮುಖ ನೋಡಲು ಧೈರ್ಯವಾಗದೆ ಪಾದ ಮುಟ್ಟಿದಳು. ಅಂಗಾಲಿಗೆ ಯಾರೂ ಅರಿಶಿನ ಹಚ್ಚಿರಲಿಲ್ಲ. ಆದರೂ ಅಂಗಾಲು ಹಳದಿಯಾಗಿತ್ತು.

ಹೇಮಾ ಎದ್ದಳು. "ಪ್ರಣಿತಾ ಎಲ್ಲಿ?"

"ಒಳಕೋಣೇಲಿ," ಎಂದಳು ತಿಮ್ಮಕ್ಕ. "ಏಳು ತಿಂಗಳ ಬಸುರಿ, ಹೆಣ ನೋಡೂಕಾಗೂದಿಲ್ಲ. ಬಾಗಿಲು ಹಾಕಿದ್ದೆ."

"ಹುಷಾರಾಗಿ ಇದ್ದಾಳಾ?"

"ತಾಯಿ ಸತ್ತವಳಿಗೆ ಎಂತ ಹುಷಾರು? ಮೂರು ದಿನದಿಂದ ಅನ್ನ ಸೇರೂದಿಲ್ಲ, ಬರೀ ವಾಂತಿ. ಬಸುರಿಯರಿಗೆ ಅದೆಲ್ಲ ಇದ್ದದ್ದೇ."

* * *

ಎರಡು ವರ್ಷದ ಹಿಂದೆ ಕೇರಿಯ ಹನ್ನೊಂದು ಜನರಿಗೆ ಕಾಮಾಲೆ ಎಂದು ಮಾಸ್ತಮ್ಮ ಬರೆದಳು. ಬರೆದದ್ದು ನಿಜ, ಅದೇ ತಪ್ಪಾಯಿತು. ಭಟ್ಕಳದಿಂದ ಜೀಪು ಬಂತು. ಕೇರಿಯ ಬಾವಿಯ ನೀರನ್ನು ಬಾಟಲಿಯಲ್ಲಿ ಒಯ್ದರು, ಬ್ಲೀಚಿಂಗ್ ಪೌಡರ್ ಸುರಿದರು, ಕುದಿಸದೆ ಕುಡಿಯಬಾರದೆಂದು ಬಾವಿಕಟ್ಟೆಗೆ ಚೀಟಿ ಅಂಟಿಸಿದರು. ವಾರದೊಳಗೆ ಕುಪ್ಪನ ಮಗಳನ್ನು ಒಪ್ಪಿದ್ದ ಹೊನ್ನಾವರದ ಗಂಡಿನವರು ಆ ಕೇರಿಯ ಹೆಣ್ಣು ಬೇಡವೆಂದರು.

ಯಾರೂ ಮಾಸ್ತಮ್ಮನನ್ನು ಬೈಯಲಿಲ್ಲ. ಅವಳು ಅಂಗಳಕ್ಕೆ ಕಾಲಿಟ್ಟರೆ ಒಳಗಿನಿಂದಲೇ "ಮನೇಲಿ ಯಾರೂ ಇಲ್ಲ" ಎನ್ನುತ್ತಿದ್ದರು. ಮಗಳು ಪ್ರಣಿತಾಳ ಮದುವೆಗೆ ಕೇರಿಯಿಂದ ಬಂದದ್ದು ಮೂರೇ ಜನ. ಚಪ್ಪರ ಹಾಕಲು ಕುಮಟೆಯಿಂದ ಆಳು ಕರೆಸಬೇಕಾಯಿತು.

ಮಾಸ್ತಮ್ಮನಿಗೆ ಬುದ್ಧಿ ಬಂತು. ಆಮೇಲೆ ಪ್ರತಿ ಶನಿವಾರ ವಾರದ ವರದಿಯಲ್ಲಿ ಕಾಮಾಲೆಯ ಮುಂದೆ ಸೊನ್ನೆ ಬರೆದಳು. ಯಾರ ಕಣ್ಣನ್ನೂ ನೋಡದೆ ಬರೆದಳು. ಬಾವಿಯ ಚೀಟಿ ಮಳೆಗೆ ಕರಗಿಹೋಯಿತು. ಕೇರಿ ಮತ್ತೆ ಅವಳನ್ನು ಮಾತಾಡಿಸಿತು, ಶುಭಕಾರ್ಯಕ್ಕೆ ಕರೆಯಿತು, ಇಂಥ ಒಳ್ಳೆಯ ಹೆಂಗಸು ಇನ್ನೊಬ್ಬಳಿಲ್ಲ ಎಂದಿತು.

ಅದಕ್ಕೂ ಮೊದಲು, ಹೇಮಾ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಇದೇ ಮಾಸ್ತಮ್ಮ ಹೇಳಿಕೊಟ್ಟಿದ್ದಳು.

"ಕಣ್ಣು ನೋಡೂದಾದ್ರೆ ಬಿಸಿಲಿಗೆ ಕರಕೊಂಡು ಬಾ. ಒಳಗೆ ಎಲ್ಲರ ಕಣ್ಣೂ ಒಂದೇ ಥರ ಕಾಣ್ತದೆ. ಬಸುರಿ ಆದ್ರೆ ಒಂದು ತಾಸೂ ಕಾಯಬೇಡ. ನೀರಿಂದ ಬರೂ ಈ ಕಾಮಾಲೆ ಅವರಿಗೆ ತಾಗಿದ್ರೆ ಎರಡೂ ಜೀವ ಹೋಗ್ತದೆ."

* * *

ಹೇಮಾ ದಿವಾಕರನನ್ನು ಮನೆಯ ಹಿಂದಕ್ಕೆ ಕರೆದಳು.

"ದಿವಾಕರಣ್ಣ, ಅಕ್ಕನಿಗೆ ಕಾಮಾಲೆ ಅಲ್ದಾ?"

"ಮೆಲ್ಲಗೆ ಮಾತಾಡು."

"ಆಸ್ಪತ್ರೆಗೆ ಎಂತಕ್ಕೆ ಹೋಗ್ಲಿಲ್ಲ?"

"ಅವಳೇ ಬೇಡ ಅಂದ್ಲು. ಅಲ್ಲಿ ಹೆಸರು ಬರೀತಾರೆ, ಮತ್ತೆ ಜೀಪು ಬರ್ತದೆ ಅಂದ್ಲು. ನಾಟಿ ಮದ್ದು ತಂದು ಕೊಟ್ಟೆ. ಕಡೆಗೆ ಎರಡು ದಿನ ನನ್ನ ಗುರ್ತೇ ಸಿಗ್ಲಿಲ್ಲ ಅವಳಿಗೆ."

"ನಾ ಎಂತದೂ ಬರೆಯೂದಿಲ್ಲ. ಪ್ರಣಿತಾನ ಒಂದು ಸಲ ಬಿಸಿಲಿಗೆ ಕರಕೊಂಡು ಬನ್ನಿ, ಕಣ್ಣು ನೋಡ್ತೆ. ಬೇಕಾದ್ರೆ ಈಗ್ಲೇ ಗಾಡಿ ತರಿಸುವ."

"ಇಷ್ಟು ಜನರೆದುರಿಗಾ? ಕಾಮಾಲೆ ಅಂತ ಗೊತ್ತಾದ್ರೆ ಹೆಗಲು ಕೊಡೂಕೆ ಒಬ್ಬನೂ ನಿಲ್ಲೂದಿಲ್ಲ. ನಾನೊಬ್ಬನೇ ಅವಳನ್ನ ಹೊತ್ಕೊಂಡು ಹೋಗ್ಲಾ?"

ಅವನು ಒಳಗೆ ಹೋಗಿ ಹೆಂಡತಿಯ ರಿಜಿಸ್ಟರ್ ತಂದು ಬಿಡಿಸಿ ಹಿಡಿದ. "ನೋಡು. ಕಾಮಾಲೆ ಇಲ್ಲ ಅಂತ ಅವಳೇ ಬರೆದಿದ್ದಾಳೆ."

ಕಳೆದ ಶನಿವಾರದ ಸಾಲು. ಜ್ವರದಲ್ಲಿ ಬರೆದ ಸೊನ್ನೆಯ ಎರಡು ತುದಿ ಒಂದಕ್ಕೊಂದು ಕೂಡಿರಲಿಲ್ಲ. ಕೆಳಗೆ ಸಹಿ ಮಾತ್ರ ಪೂರ್ತಿ ಇತ್ತು. ಹೇಮಾ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಒಳಕೋಣೆಯ ಬಾಗಿಲಿಗೆ ಹೋದಳು. ತಿಮ್ಮಕ್ಕ ಅಡ್ಡ ನಿಂತಳು.

"ಹೆಣ ಏಳಲಿ ಮಾರಾಯ್ತಿ. ಒಂದು ತಾಸಿನಲ್ಲಿ ಎಂತ ಆಗ್ತದೆ?"

"ಯಾರದು?" ಒಳಗಿನಿಂದ ಪ್ರಣಿತಾ ಕೇಳಿದಳು. "ಬಾಯಿ ಒಣಗ್ತದೆ. ನೀರು ಕೊಡಿ."

ತಿಮ್ಮಕ್ಕ ಬಾಗಿಲನ್ನು ಕೈ ಹೋಗುವಷ್ಟು ಮಾತ್ರ ತೆರೆದು ಕೊಡಪಾನದ ನೀರು ಕೊಟ್ಟು ಮತ್ತೆ ಮುಚ್ಚಿದಳು. ಹೇಮಾ ಬಾಯಿ ತೆರೆದಳು. ಅಂಗಳದ ಜನರೆಲ್ಲ ಇತ್ತಲೇ ನೋಡುತ್ತಿದ್ದರು. ಅವಳಿಗೂ ಒಂದು ಊರಿತ್ತು, ಮದುವೆಯ ವಯಸ್ಸಿಗೆ ಬಂದ ಮಗಳಿದ್ದಳು. ಅವಳು ಬಾಯಿ ಮುಚ್ಚಿದಳು.

ಒಂದು ತಾಸು ಎಂದದ್ದು ಮೂರು ತಾಸಾಯಿತು. ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಕುಪ್ಪ.

"ಬಂಗಾರದಂಥ ಹೆಂಗಸು," ಎಂದ ಅವನು. ಕಣ್ಣಲ್ಲಿ ನಿಜವಾಗಿ ನೀರಿತ್ತು.

ಗಂಡಸರು ತಿರುವಿನಲ್ಲಿ ಮರೆಯಾದ ಮೇಲೆ ಹೆಂಗಸರು ಬಾವಿಕಟ್ಟೆಗೆ ಹೋಗಿ ಕೈಯ ಅರಿಶಿನ ತೊಳೆದರು. ತೊಳೆದ ನೀರು ಕಟ್ಟೆಯ ಬಿರುಕಿನಲ್ಲಿ ಮತ್ತೆ ಬಾವಿಗೇ ಇಳಿಯಿತು. ತಿಮ್ಮಕ್ಕ ಒಳಕೋಣೆಯ ಬಾಗಿಲು ತೆಗೆದು ಪ್ರಣಿತಾಳನ್ನು ಕೈ ಹಿಡಿದು ಬಿಸಿಲಿಗೆ ಕರೆತಂದಳು. ಹೇಮಾ ಕಂಡಳು. ನೋಡಲು ಹತ್ತಿರ ಹೋಗಬೇಕಾದ್ದೇ ಇರಲಿಲ್ಲ.

"ಕಣ್ಣಿಗೆಲ್ಲ ಅರಿಶಿನ ತಾಗಿಸ್ಕೊಂಡಿದ್ಯಲ್ಲೇ," ಎಂದು ತಿಮ್ಮಕ್ಕ ಗದರಿದಳು. "ನೋಡ್ಬೇಡ ಅಂದ್ರೂ ಬಂದು ಮುಟ್ಟಿದ್ಯಾ?"

"ನಾ ಅಮ್ಮನ್ನ ನೋಡ್ಲೇ ಇಲ್ಲ ಅತ್ತೆ. ನೀವು ಬಿಡ್ಲೇ ಇಲ್ಲ."

ತಿಮ್ಮಕ್ಕ ಬಾವಿಯಿಂದ ನೀರು ಸೇದಿ ಅವಳ ಮುಖಕ್ಕೆ ಹೊಯ್ದು ಸೆರಗಿನಿಂದ ಕಣ್ಣು ಒರೆಸಿದಳು. ಸೆರಗನ್ನು ನೋಡಿದಳು. ಅದಕ್ಕೆ ಹಳದಿ ಹತ್ತಿರಲೇ ಇಲ್ಲ. ಮತ್ತೆ ಹೊಯ್ದಳು, ಇನ್ನೂ ಗಟ್ಟಿಯಾಗಿ ಒರೆಸಿದಳು. ಪ್ರಣಿತಾ ಮುಖದಿಂದ ಇಳಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು, ಬಾಯಾರಿದ್ದವಳು, ಕುಡಿಯುತ್ತಿದ್ದಳು.