ಹಾರ್ಡ್‌ಡಿಸ್ಕಿನ ಬಾಯಿ

ಮುದ್ದೆ ಕೋಲು ನನ್ನ ಕೈಯಲ್ಲಿರುವಾಗಲೇ ನಮ್ಮ ಮನೆಯಲ್ಲಿ ಏನಾದರೂ ಕೆಡುವುದು. ಅವತ್ತೂ ಎಸರು ಕುದಿದು, ಹಿಟ್ಟು ಹಾಕಿ, ಇನ್ನೇನು ತಿರುವಬೇಕು ಅನ್ನುವಷ್ಟರಲ್ಲಿ ನಡುಮನೆಯಿಂದ ಮಗಳು ಸಹನಾ ಕೂಗಿದಳು.

"ಅಮ್ಮಾ, ಮತ್ತೆ ಹೋಯ್ತು."

ಹೋಗಿದ್ದು ಕರೆಂಟಲ್ಲ. ಕರೆಂಟು ಹೋದರೆ ನಮ್ಮ ಮಿಡಿಗೇಶಿಯಲ್ಲಿ ಯಾರೂ ಕೂಗಿ ಹೇಳುವುದಿಲ್ಲ. ಹೋಗಿದ್ದು ಅವಳ ಹಾರ್ಡ್‌ಡಿಸ್ಕು. ಅಂಗೈಯಷ್ಟು ಅಗಲದ ಕಪ್ಪು ಡಬ್ಬಿ ಅದು, ಒಂದು ಮೋಟು ವೈರಿನಲ್ಲಿ ಲ್ಯಾಪ್‌ಟಾಪಿಗೆ ತಗುಲಿಕೊಂಡಿರುತ್ತದೆ. ಅದರೊಳಗೆ ಬರಗೂರಿನ ಸುನಿತಾಳ ಮದುವೆ ಇತ್ತು. ಅರಿಶಿನ ಹಚ್ಚಿದ್ದರಿಂದ ಹಿಡಿದು ಹುಡುಗಿ ಕಾರು ಹತ್ತುವಾಗ ಅತ್ತಿದ್ದರವರೆಗೆ ಅಷ್ಟೂ. ಇನ್ನೆಲ್ಲೂ ಇರಲಿಲ್ಲ.

ಸಹನಾ ಡಿಗ್ರಿ ಮುಗಿಸಿದ ಮೇಲೆ ಮಧುಗಿರಿಯ ಚಿರಂಜೀವಿಯ ಸ್ಟುಡಿಯೋದಲ್ಲಿ ಕೆಲಸ ಕಲಿತಳು. ಅವನು ಪಾವಗಡದ ಕಡೆಯವನು, ಒಳ್ಳೆಯ ಮನುಷ್ಯ. ಇದೊಂದು ಮದುವೆಯನ್ನು ಶೂಟಿಂಗಿನಿಂದ ಕೊನೆಯವರೆಗೆ ಅವಳ ಕೈಗೇ ಬಿಟ್ಟಿದ್ದ. ಮಾರನೆಯ ದಿನ ಮಧ್ಯಾಹ್ನ ಬರಗೂರಿನಲ್ಲಿ ಬೀಗರೂಟ. ಹುಡುಗಿಯ ಅಪ್ಪ ಸಿದ್ದಗಂಗಯ್ಯನವರು ಶಾಮಿಯಾನದಲ್ಲಿ ದೊಡ್ಡ ಟಿವಿ ಇಡಿಸಿ, ಊಟಕ್ಕೆ ಬಂದವರಿಗೆಲ್ಲ ಮದುವೆ ಸಿನಿಮಾ ತೋರಿಸುತ್ತೇವೆಂದು ಹೇಳಿಕೊಂಡು ಬಂದಿದ್ದರು.

ನಮ್ಮ ಯಜಮಾನರು ಗೋಪಾಲ್ ಕೂಡ ಒಂದು ಮಾತು ಹೇಳಿದ್ದರು. "ಇದೊಂದು ಸಲ ನೋಡ್ತೀನಿ ಕಣಮ್ಮ. ಟೈಮಿಗೆ ಸರಿಯಾಗಿ ಕೊಟ್ಟೆ, ಸರಿ. ಇಲ್ಲಾಂದ್ರೆ ಈ ಕ್ಯಾಮೆರಾ ಗಿಮೆರಾ ಸಾಕು, ಬಿ.ಎಡ್‌ಗೆ ಸೇರ್ಕೋ." ಸಹನಾ ಹೂಂ ಅಂದುಬಿಟ್ಟಿದ್ದಳು. ಅವಳು ಹೂಂ ಅನ್ನಬಾರದಿತ್ತು ಎಂದು ಅವತ್ತು ಬೆಳಗ್ಗೆಯಿಂದ ನನಗೆ ಅನ್ನಿಸುತ್ತಿತ್ತು.

ಮುದ್ದೆ ಗಂಟಾಗದ ಹಾಗೆ ತಿರುವಿಟ್ಟು ನಡುಮನೆಗೆ ಹೋದೆ. ಡಬ್ಬಿ ಟಿಕ್ ಟಿಕ್ ಅನ್ನುತ್ತಿತ್ತು. ಥೇಟು ಹಲ್ಲಿ ಲೊಚಗುಟ್ಟಿದ ಹಾಗೆ. ಅದು ಟಿಕ್ ಅಂದಾಗೆಲ್ಲ ಗೋಡೆಗೊರಗಿ ಕೂತಿದ್ದ ನಮ್ಮತ್ತೆ ಜುಂಜಮ್ಮ ನೆಲಕ್ಕೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಟಿಕ್ ಅನ್ನುವುದು, ಲ್ಯಾಪ್‌ಟಾಪಿನಿಂದ ಮಾಯವಾಗುವುದು, ತಾನಾಗೇ ಮತ್ತೆ ಬರುವುದು. ಬಂದಾಗ ಸಹನಾಳ ಮುಖ ಅರಳುವುದು, ಹೋದಾಗ ಬಾಡುವುದು. ನೋಡಿ ನೋಡಿ ನನಗೇ ಸುಸ್ತಾಯಿತು.

"ಅಜ್ಜಿ, ನೀನು ಕೃಷ್ಣ ಅನ್ನೋದು ಮೊದ್ಲು ನಿಲ್ಸು," ಅಂದಳು ಸಹನಾ.

"ನಾನ್ ನಿಲ್ಸಿದ್ರೆ ಅದು ನಿಲ್ತದಾ? ಪಾವಗಡದಲ್ಲಿ ಊರಗಲ ಗಾಜು ಹಾಸಿ ಬಿಸಿಲಿಂದ ಕರೆಂಟು ತೆಗೀತಾರಂತೆ. ಇಷ್ಟುದ್ದದ ಡಬ್ಬಿಗೆ ಒಂದ್ ಹನಿ ಸಾಲಕಿಲ್ವಾ?"

ಅತ್ತೆ ತಮಾಷೆಗೆ ಅಂದದ್ದು, ಆದರೆ ಅದೇ ನಿಜವಾಗಿತ್ತು. ಫೋನು ಮಾಡಿದಾಗ ಚಿರಂಜೀವಿ ಕೇಳಿದ ಮೊದಲ ಪ್ರಶ್ನೆಯೇ ಡಿಸ್ಕನ್ನು ಎಲ್ಲಿಗೆ ಹಾಕಿದ್ದೀಯ ಅಂತ. ಸಹನಾ ಅದನ್ನು ಹಬ್ ಅನ್ನುವ ನಾಲ್ಕು ಕಿಂಡಿಯ ಪಟ್ಟಿಗೆ ಹಾಕಿದ್ದಳು. ಅದೇ ಪಟ್ಟಿಯಲ್ಲಿ ಮೌಸಿತ್ತು, ಸೆಕೆಗೆಂದು ತಂದ ಗುಬ್ಬಚ್ಚಿಯಷ್ಟು ಫ್ಯಾನಿತ್ತು, ನಾಲ್ಕನೆಯ ಕಿಂಡಿಯಲ್ಲಿ ಅತ್ತೆಯ ಫೋನು ಚಾರ್ಜಾಗುತ್ತಿತ್ತು.

"ಏಮ್ಮಾ, ಅಷ್ಟೂ ಒಂದೇ ಕಡೆ ಹಾಕಿದ್ರೆ ಡಿಸ್ಕಿಗೆ ಪವರ್ ಎಲ್ಲಿಂದ ಬರ್ತದೆ? ತಿರುಗೋಕೆ ಹೋಗ್ತದೆ, ಸಾಲಲ್ಲ, ನಿಂತೋಗ್ತದೆ. ಅದೇ ಟಿಕ್ ಟಿಕ್ಕು. ಆ ಹಬ್ಬು ವದ್ದು."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆ ಕಾಲು ನೀಡಿಕೊಂಡರು. "ಒದ್ದು ಅಂತಾವ್ನೆ. ಒದೀಲಾ?"

"ವದ್ದು ಅಂದ್ರೆ ತೆಲುಗಲ್ಲಿ ಬೇಡ ಅಂತ ಅಜ್ಜಿ."

"ಬ್ಯಾಡ ಅನ್ನಕ್ಕೆ ಒದ್ದು ಅಂತಾರಾ? ಆ ಸೀಮೆಗೆ ಹೆಣ್ಣು ಕೊಡಬಾರ್ದು ಕಣವ್ವ."

ಹಬ್ಬು ಪಕ್ಕಕ್ಕೆ ಹೋಯಿತು. ಡಿಸ್ಕು ನೇರವಾಗಿ ಲ್ಯಾಪ್‌ಟಾಪಿಗೆ ಬಿತ್ತು. ಟಿಕ್ ನಿಂತಿತು. ನಲ್ಲಿ ನೀರು ಬಿಟ್ಟಾಗ ಬೀದಿಯವರೆಲ್ಲ ಒಟ್ಟಿಗೆ ತಿರುಗಿಸಿದರೆ ಕೊನೆಯ ಮನೆಗೆ ಬರೀ ಗಾಳಿ ಬರುವುದು ನಮಗೇನು ಹೊಸದಲ್ಲ. ನಮ್ಮದೇ ಕೊನೆಯ ಮನೆ. ಅತ್ತೆಯ ಫೋನನ್ನು ಅಡುಗೆಮನೆಯ ಮಿಕ್ಸಿ ಪ್ಲಗ್ಗಿಗೆ ಹಾಕಿ, ಇನ್ನು ಸರಿಹೋಯಿತೆಂದು ಸೊಪ್ಪು ಬಿಡಿಸಲು ಕೂತೆ.

ಒಂದು ಕಟ್ಟು ಮುಗಿದಿರಲಿಲ್ಲ, ಮತ್ತೆ ಕೂಗು.

ಈಗ ಡಿಸ್ಕು ಹೋಗಿರಲಿಲ್ಲ. ಇತ್ತು, ಆದರೆ ತೆವಳುತ್ತಿತ್ತು. ಮದುವೆಯ ಚಿತ್ರವೆಲ್ಲ ಡಿಸ್ಕಿನಿಂದ ಲ್ಯಾಪ್‌ಟಾಪಿಗೆ ಇಳಿಯಬೇಕು. ಇಳಿದ ಮೇಲೆ ಸಹನಾ ಅದನ್ನು ಕತ್ತರಿಸಿ ಜೋಡಿಸಿಟ್ಟಿದ್ದ ಕ್ರಮದಲ್ಲಿ ಒಂದೇ ಸಿನಿಮಾ ಮಾಡಿ ಹೊರಗೆ ತೆಗೆಯಬೇಕು. ಇಳಿಯುವುದಕ್ಕೇ ಹದಿನಾರು ಗಂಟೆ ಬೇಕೆಂದು ಪರದೆ ತೋರಿಸುತ್ತಿತ್ತು. ಆಮೇಲೆ ಸಿನಿಮಾ ಹೊರಗೆ ತೆಗೆಯಲು ಇನ್ನೂ ಹತ್ತು ಗಂಟೆ. ಎಲ್ಲ ಮುಗಿಯುವ ಹೊತ್ತಿಗೆ ಬರಗೂರಿನಲ್ಲಿ ಬಾಳೆಎಲೆ ಎತ್ತಿರುತ್ತಾರೆ.

"ದಸರಾಗೆ ಮುಂಚೆ ಚೆನ್ನಾಗಿತ್ತಮ್ಮ. ಇಷ್ಟೇ ಇದ್ರೂ ಸಂಜೆ ಒಳಗೆ ಮುಗೀತಿತ್ತು. ಆಮೇಲಿಂದ ಇದಕ್ಕೇನು ಬಂತೋ."

ಮತ್ತೆ ಚಿರಂಜೀವಿ. ಬೇಗ ಇಳಿಸುವ ನೀಲಿ ಕಿಂಡಿಗೇ ಹಾಕಿದ್ದೀಯಾ ಎಂದು ಕೇಳಿದ. ನೀಲಿಗೇ ಹಾಕಿದ್ದಳು. ಆ ಕಡೆಯ ಕಿಂಡಿಗೆ ಹಾಕಿ ನೋಡು ಅಂದ, ನೋಡಿದಳು. ಲ್ಯಾಪ್‌ಟಾಪ್ ಆರಿಸಿ ಹಚ್ಚು ಅಂದ, ಆರಿಸಿ ಹಚ್ಚಿದಳು. ವೈರಸ್ ಇರಬಹುದು ಅಂದ. ಅದನ್ನು ಹುಡುಕಲು ಬಿಟ್ಟರೆ ಹುಡುಕುವುದೂ ಅದೇ ಡಿಸ್ಕಿನಲ್ಲಿ ತಾನೇ, ಅದೂ ತೆವಳಿತು. ಪ್ರತಿ ಸಲವೂ ಇಳಿಸುವುದನ್ನು ನಿಲ್ಲಿಸಿ ಮೊದಲಿಂದ ಶುರು ಮಾಡಬೇಕು. ಪ್ರತಿ ಸಲವೂ ಹದಿನಾರು. ಈ ನಡುವೆ ಅತ್ತೆ ಎದ್ದು ಬಂದು, ಯಾರೂ ಕೇಳದಿದ್ದರೂ, ಉಪ್ಪು ಮೆಣಸಿನಕಾಯಿ ಹಿಡಿದು ಡಿಸ್ಕಿಗೆ ದೃಷ್ಟಿ ತೆಗೆದರು. ಮೆಣಸಿನಕಾಯಿಯನ್ನು ಒಲೆಗೆ ಹಾಕಿದಾಗ ಘಾಟಿಗೆ ಎಲ್ಲರೂ ಕೆಮ್ಮಿದೆವು.

"ಘಾಟು ಬಂತು. ಹಂಗಾರೆ ದೃಷ್ಟಿ ಇರಲಿಲ್ಲ ಬುಡು," ಎಂದು ಅತ್ತೆ ಮತ್ತೆ ಹೋಗಿ ಕೂತರು.

ಯಜಮಾನರು ಕುರಿಗಳ ಔಷಧಿಗೆಂದು ಮಧುಗಿರಿಗೆ ಹೊರಟಿದ್ದರು. ಬರುವಾಗ ಚಿರಂಜೀವಿಯ ಹತ್ತಿರ ಹೊಸ ವೈರು ಇಸಿದುಕೊಂಡು ಬನ್ನಿ ಎಂದೆ. ಅವರು ಬರುವವರೆಗೆ ಸಹನಾ ಊಟಕ್ಕೆ ಏಳಲಿಲ್ಲ. ತಟ್ಟೆಯಲ್ಲಿ ಬಡಿಸಿಟ್ಟ ಮುದ್ದೆ ಆರಿ, ಮೇಲೆ ಚರ್ಮ ಕಟ್ಟಿತು. ನಾನು ಒಂದು ಸಲ ಕರೆದೆ, ಇನ್ನೊಂದು ಸಲ ಕರೆದೆ, ಆಮೇಲೆ ತಟ್ಟೆ ಮುಚ್ಚಿ ಬಟ್ಟೆ ಒಗೆಯಲು ಹೋದೆ. ಅವತ್ತು ಬಟ್ಟೆಗಳಿಗೆ ಬಿದ್ದ ಏಟು ಬಟ್ಟೆಗಳ ತಪ್ಪಿಗಲ್ಲ.

ಮಧ್ಯಾಹ್ನ ಇಳಿಯುವಾಗ ಯಜಮಾನರು ವೈರು ತಂದರು. ಹೊಸ ವೈರಿಗೂ ಅದು ಜಗ್ಗಲಿಲ್ಲ.

"ವೈರಲ್ಲೂ ಇಲ್ಲಾಂದ್ರೆ ಡಿಸ್ಕಿಗೇ ವಯಸ್ಸಾಗೈತೆ ಅಂದ ಅವ್ನು," ಅಂದರು ಯಜಮಾನರು, ಚಪ್ಪಲಿ ಬಿಡುತ್ತಾ. ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

ಸಹನಾ ಪರದೆಯನ್ನೇ ನೋಡುತ್ತಾ, "ಅಪ್ಪ, ಬಿ.ಎಡ್ ಅರ್ಜಿ ಯಾವಾಗ ಕೊಡ್ತಾರೆ ಕೇಳಿ," ಅಂದಳು.

ಅವರು ಔಷಧಿಯ ಚೀಲವನ್ನು ಗೂಡಿನಲ್ಲಿಟ್ಟರು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಪಕ್ಕ ಕೂತೆ.

"ಕೊಡು, ನಾನೊಂದು ಸಲ ನೋಡ್ತೀನಿ," ಅಂದೆ.

"ನೀನೇನು ನೋಡ್ತೀಯಮ್ಮ ಅದರಲ್ಲಿ."

"ಏನೂ ಇಲ್ಲ. ನಾನು ನೋಡ್ತಿರ್ತೀನಿ, ನೀನು ಎರಡು ತುತ್ತು ತಿನ್ನು. ಅಷ್ಟಕ್ಕಾದ್ರೂ ಕೊಡು."

ಕೊಟ್ಟಳು. ನಾನು ಡಬ್ಬಿಯ ಕಡೆಯ ವೈರು ಎಳೆದು ಮತ್ತೆ ಚುಚ್ಚಿದೆ. ಕುಕ್ಕರಿನ ಮುಚ್ಚಳ ಕೂತಿದೆಯೋ ಇಲ್ಲವೋ ಕೈಗೆ ಗೊತ್ತಾಗುತ್ತದಲ್ಲ, ಇದು ಕೂತ ಹಾಗೆ ಅನ್ನಿಸಲಿಲ್ಲ. ವೈರಿನ ತುದಿ ಜೋಡಿ ತುದಿ, ಒಂದು ಅಗಲ, ಅದಕ್ಕಂಟಿಕೊಂಡೇ ಒಂದು ಕಿರಿದು. ಅಗಲದ ಕಡೆ ಒಳಗೆ ಹೋಗುತ್ತಿತ್ತು. ಕಿರಿದರ ಕಡೆ ಉಗುರಿನಂಚಿನಷ್ಟು ಹೊರಗೇ ನಿಲ್ಲುತ್ತಿತ್ತು.

"ಇದು ಇಂಗೇ ನಿಲ್ಲುತ್ತಾ?"

ಸಹನಾ ಬಾಗಿ ನೋಡಿದಳು. ತಕ್ಷಣ ಚಿರಂಜೀವಿಗೆ ಫೋನು ಹಚ್ಚಿದಳು.

"ಅದೇ ಕಣಮ್ಮಾ," ಅಂದ ಅವನು. "ಸ್ಪೀಡು ಬರೋದೇ ಆ ಚಿಕ್ಕ ಕಡೆಯಿಂದ. ಅದು ಕೂರಲಿಲ್ಲಾಂದ್ರೆ ಡಿಸ್ಕು ಕೆಲಸ ಮಾಡ್ತದೆ, ಆದ್ರೆ ಹಳೇ ಕಾಲದ ನಡಿಗೇಲಿ. ಒಳಗೇನೋ ಅಡ್ಡ ಐತೆ, ಟಾರ್ಚ್ ಬಿಟ್ಟು ಚೂಡು."

ಟಾರ್ಚ್ ಬಿಟ್ಟು ನೋಡಿದೆವು. ಚಿಕ್ಕ ಕಿಂಡಿಯೊಳಗೆ ಏನೋ ಗಟ್ಟಿಯಾಗಿ ಮೆತ್ತಿತ್ತು. ಮಣ್ಣಲ್ಲ. ಮಣ್ಣು ಅಷ್ಟು ಕೆಂಪಗೆ ಇರುವುದಿಲ್ಲ. ಅಂಚಿನಲ್ಲಿ ಉದುರಿದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಅರಿಶಿನದ ವಾಸನೆ.

ನಾನು ತಿರುಗಿ ಅತ್ತೆಯ ಕಡೆ ನೋಡಿದೆ.

"ಅತ್ತೆ, ಆಯುಧಪೂಜೇಲಿ ಈ ಡಬ್ಬಿಗೂ ಕುಂಕುಮ ಇಟ್ಟಿದ್ರಾ?"

"ಇಡದಂಗೆ ಇರ್ತಾರಾ? ಮಚ್ಚು, ಕುಡ್ಲು, ಉಣ್ಣೆ ಕತ್ರಿ, ಅವನ ಗಾಡಿ, ಇವಳ ಡಬ್ಬಿ. ದುಡಿಯೋ ವಸ್ತುಗೆಲ್ಲ ಇಟ್ಟಿವ್ನಿ."

"ಎಲ್ಲಿಗಿಟ್ರಿ?"

"ಎಲ್ಲಿಗೇನು, ಬಾಯಿಗೆ. ಆಯುಧಕ್ಕೆ ಬಾಯಿಗಲ್ದೆ ಹಿಡಿಗಿಟ್ಟಾರಾ?"

ಮಚ್ಚು ಕುಡುಗೋಲುಗಳ ಹರಿತವಾದ ಅಂಚಿಗೆ ನಮ್ಮಲ್ಲಿ ಬಾಯಿ ಅನ್ನುತ್ತಾರೆ. ಅರಿಶಿನ ಕಲಸಿ ಅಲ್ಲಿ ಬೊಟ್ಟಿಟ್ಟು, ಮೇಲೆ ಕುಂಕುಮ ಇಡುವುದು ನಮ್ಮ ಮನೆಯ ಪದ್ಧತಿ. ಕೆಲಸ ಮಾಡುವುದು ಬಾಯಿ, ಆದ್ದರಿಂದ ಪೂಜೆ ಬಾಯಿಗೆ. ಅತ್ತೆಯ ಲೆಕ್ಕದಲ್ಲಿ ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ.

"ಇದರ ಬಾಯಿ ಯಾವ ಕಡೆ ಅಂತ ನಂಗೆ ಗೊತ್ತಾಗ್ಲಿಲ್ಲ," ಎಂದು ಅತ್ತೆ ಮುಂದುವರಿಸಿದರು. "ನಿನ್ ಮಗಳನ್ನೇ ಕೇಳ್ದೆ. ಫೋನ್ ನೋಡ್ಕಂಡು, ವೈರ್ ಹಾಕ್ತೀವಲ್ಲ ಅದೇ ಅಜ್ಜಿ ಬಾಯಿ ಅಂದ್ಲು. ಬೇಕಾರೆ ಕೇಳು."

ಸಹನಾ ತಲೆ ಮೇಲೆ ಕೈಯಿಟ್ಟುಕೊಂಡಳು. ಅಂದಿದ್ದಳಂತೆ.

"ನೋಡಿದ್ರೆ ಎರಡು ಬಾಯಿ. ದೊಡ್ಡದಕ್ಕೆ ಸುಮ್ನೆ ಶಾಸ್ತ್ರಕ್ಕೆ ಮುಟ್ಟಿಸ್ದೆ. ಚಿಕ್ಕದು ಚೆನ್ನಾಗಿತ್ತು, ಬೆಂಕಿಕಡ್ಡಿ ಮೊನೆ ಸರಿಯಾಗಿ ಹಿಡೀತು. ಅದಕ್ಕೆ ತೃಪ್ತಿಯಾಗಿ ಇಟ್ಟೆ."

ಯಜಮಾನರು ಗೂಡಿನ ಕಡೆ ಮುಖ ಮಾಡಿ ನಿಂತಿದ್ದರು. ಬೆನ್ನು ಕುಲುಕುತ್ತಿತ್ತು. ನಗುವುದಕ್ಕೆ ಅದು ಹೊತ್ತೇ? ಆ ತೃಪ್ತಿಯಾಗಿ ಅನ್ನುವ ಮಾತಿಗೆ ನನಗೆ ಅಳುವೂ ಬಂತು, ನಗುವೂ ಬಂತು, ಎರಡನ್ನೂ ಆಚೆಗಿಟ್ಟು ಪಿನ್ನೆಲ್ಲಿ ಎಂದು ಕೇಳುತ್ತಾ ಎದ್ದೆ.

ಫೋನು ಇನ್ನೂ ಕಟ್ಟಾಗಿರಲಿಲ್ಲ. "ಪಿನ್ನು ಗಿನ್ನು ಹಾಕ್ಬೇಡಕ್ಕಾ," ಅಂದ ಚಿರಂಜೀವಿ. ಅವನೂ ನಗುತ್ತಿದ್ದ. "ಒಳಗೆ ಕೂದಲಂಗೆ ತಂತಿ ಇರ್ತಾವೆ, ಮುರಿದ್ರೆ ಕಥೆ ಮುಗೀತು. ನೀರೂ ಬೇಡ. ವೈರು ಕಿತ್ತಿಟ್ಟು ಮೆತ್ತನೆ ಬ್ರಷ್ಷಲ್ಲಿ ಉಜ್ಜಿ. ಸ್ಪಿರಿಟ್ ಇದ್ರೆ ಇನ್ನೂ ಒಳ್ಳೇದು."

ಸ್ಪಿರಿಟ್ ಇತ್ತು. ಕುರಿಗಳಿಗೆ ಸೂಜಿ ಹಾಕುವ ಮುಂಚೆ ಒರೆಸಲು ಯಜಮಾನರು ಆಗ ತಾನೇ ಚೀಲದಲ್ಲಿ ತಂದದ್ದು. ಮೆತ್ತನೆಯ ಬ್ರಷ್ಷೂ ಇತ್ತು. ಸಹನಾ ಅಜ್ಜಿಗೆಂದು ಪ್ರೀತಿಯಿಂದ ತಂದುಕೊಟ್ಟಿದ್ದಳು. ಅತ್ತೆ ಬೇವಿನಕಡ್ಡಿ ಬಿಟ್ಟವರಲ್ಲವಾದ್ದರಿಂದ ಅದು ಇನ್ನೂ ಹೊಸದಾಗಿಯೇ ಇತ್ತು.

ಬ್ರಷ್ಷು ನಾನೇ ತೆಗೆದುಕೊಂಡೆ. ಡಿಸ್ಕನ್ನು ಬಾಯಿ ಕೆಳಗಾಗಿ ಹಿಡಿದು, ನಾಲ್ಕೇ ಎಳೆಗೆ ಸ್ಪಿರಿಟ್ ಮುಟ್ಟಿಸಿ, ಮಗುವಿನ ಕಿವಿ ಒರೆಸಿದ ಹಾಗೆ ಮೆಲ್ಲಗೆ ಉಜ್ಜಿದೆ. ಕೆಂಪು ನೀರು, ಆಮೇಲೆ ಹಳದಿ ನೀರು ಹತ್ತಿಬಟ್ಟೆಗೆ ಇಳಿಯಿತು.

"ಪೂಜೆ ಮಾಡಿದ್ನ ಕುರಿ ಔಷ್ದೀಲಿ ತೊಳೀತಾ ಅವ್ಳೆ," ಎಂದು ಅತ್ತೆ ಗೋಡೆಗೆ ಹೇಳಿದರು.

"ಅತ್ತೆ, ಸ್ವಲ್ಪ ಸುಮ್ಮನಿರಿ." ನಾನು ಅವರಿಗೆ ಹಾಗೆ ಹೇಳುವವಳಲ್ಲ. ಅವತ್ತು ಹೇಳಿದೆ.

ಫ್ಯಾನಿನಡಿ ಒಣಗಿಸಿ ವೈರು ಚುಚ್ಚಿದೆ. ಟಕ್ ಅಂತ ಕೂತಿತು. ಈ ಸಲ ಕೈಗೇ ಗೊತ್ತಾಯಿತು. ಸಹನಾ ಮತ್ತೆ ಮೊದಲಿಂದ ಶುರು ಮಾಡಿದಳು. ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಹನ್ನೆರಡು ಅಂದಿತು, ಏಳು ಅಂದಿತು, ನಾಲ್ಕಕ್ಕೆ ಬಂದು ನಿಂತಿತು. ಹಸಿರು ಪಟ್ಟಿ ಕಣ್ಣಿಗೆ ಕಾಣುವ ಹಾಗೆ ಮುಂದೆ ಸಾಗತೊಡಗಿತು.

ಸಹನಾ ಪರದೆಯಿಂದ ಮುಖ ತಿರುಗಿಸಿದಳು. "ಅಮ್ಮ, ಹಸಿವು," ಅಂದಳು.

ತಣ್ಣನೆಯ ಮುದ್ದೆ ತಿನ್ನಿಸಲು ಮನಸ್ಸು ಬರಲಿಲ್ಲ. ಹೊಸ ಮುದ್ದೆಗೆ ಮತ್ತೆ ಎಸರಿಟ್ಟೆ.

ಮಾರನೆಯ ದಿನ ಬರಗೂರಿನಲ್ಲಿ ಊಟದ ಎರಡನೆಯ ಪಂಕ್ತಿ ಕೂತಾಗ ಸಿನಿಮಾ ಶುರುವಾಯಿತು. ಸುನಿತಾ ಕಾರು ಹತ್ತುವ ಜಾಗ ಬಂದಾಗ ಬಡಿಸುವವರೂ ಬಕೆಟ್ಟು ಹಿಡಿದು ನಿಂತುಬಿಟ್ಟರು. ಸಿದ್ದಗಂಗಯ್ಯನವರು ಟವೆಲ್ಲಿನಲ್ಲಿ ಮೂಗೊರೆಸಿಕೊಂಡು ನಮ್ಮ ಯಜಮಾನರ ಹತ್ತಿರ ಬಂದರು.

"ಗೋಪಾಲಣ್ಣ, ಮಾಘದಲ್ಲಿ ನಮ್ಮ ತಮ್ಮನ ಮಗಳದ್ದೂ ಐತೆ. ಈ ಹುಡ್ಗಿನೇ ಕಳಿಸ್ಬೇಕು."

ಯಜಮಾನರು ಎಲೆಯಿಂದ ತಲೆಯೆತ್ತದೆ, "ನನ್ನನ್ನೇನು ಕೇಳ್ತೀರಾ? ಅವ್ಳನ್ನೇ ಕೇಳಿ. ಪುರುಸೊತ್ತು ಇರ್ಬೇಕಲ್ಲ ಅವ್ಳಿಗೆ," ಅಂದರು. ಸಹನಾ ಟಿವಿಯ ಹಿಂದೆ ನಿಂತಿದ್ದಳು. ಕೇಳಿಸಿತೆಂದು ಅವಳ ಕಿವಿ ಕೆಂಪಾದದ್ದರಿಂದ ಗೊತ್ತಾಯಿತು.

ನನ್ನ ಪಕ್ಕದಲ್ಲಿ ಕೂತ ಅತ್ತೆ ಆಚೆ ಎಲೆಯ ಹೆಂಗಸಿಗೆ ಮೆಲ್ಲಗೆ ಹೇಳುತ್ತಿದ್ದರು. "ಆ ಡಬ್ಬಿ ಬಾಯಿಗೆ ಕುಂಕುಮ ಇಟ್ಟೋಳು ನಾನೇ ಕಣಮ್ಮ. ಅದಕ್ಕೇ ಅದು ಇಂಗೆ ಓಡ್ತಾ ಇರೋದು."

ನನ್ನ ಬಾಯಲ್ಲಿ ಮುದ್ದೆಯ ತುತ್ತಿತ್ತು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ನುಂಗಿದೆ.