ನೀರು ಬಾರದ ಜಾಗ

ಕಣ್ಣು ಒಂದನ್ನು ಓದುತ್ತಿತ್ತು, ಕಿವಿ ಇನ್ನೊಂದನ್ನು ಕೇಳುತ್ತಿತ್ತು. ವೀರೇಂದ್ರ ಹೆಡ್‌ಫೋನನ್ನು ಬಿಗಿಯಾಗಿ ಒತ್ತಿಕೊಂಡು ಅದೇ ಸಾಲನ್ನು ಮತ್ತೆ ಓದಿಸಿದ.

ಪರದೆಯ ಮೇಲೆ ಕೋಷ್ಟಕ ಸರಿಯಾಗಿಯೇ ಇತ್ತು. 'ನೀರು ಬಂದ ಜಾಗ' ಎಂಬ ತಲೆಬರಹದ ಕೆಳಗೆ ಐರಣಿಯ ಹೊಳೆದಂಡೆ. 'ನೀರು ಬಾರದ ಜಾಗ'ದ ಕೆಳಗೆ ಐರಣಿಯ ದಿಬ್ಬ. ಯಂತ್ರದ ಹೆಣ್ಣು ದನಿ ಮಾತ್ರ ಯಾವ ಅಳುಕೂ ಇಲ್ಲದೆ ಹೇಳಿತು: "ನೀರು ಬಾರದ ಜಾಗ. ಐರಣಿ, ಹೊಳೆದಂಡೆ."

ತಪ್ಪು ಅವನದೇ. ಕಣ್ಣು ಕಾಣದವರು ಕೇಳಿ ಓದಲೆಂದು ಪ್ರತಿ ಕಾಲಂಗೂ ಯಂತ್ರಕ್ಕೆ ತಿಳಿಯುವಂತೆ ಒಂದು ಹೆಸರು ಕಟ್ಟಬೇಕಿತ್ತು. ಅವಸರದಲ್ಲಿ ಅದಲುಬದಲಾಗಿ ಕಟ್ಟಿದ್ದ. ನೋಡುವವರಿಗೆ ಕಾಣದ ತಪ್ಪು. ತಪಾಸಣೆಯ ತಂತ್ರಾಂಶ ಹಸಿರು ಗುರುತು ಹಾಕಿತ್ತು. ಪ್ರಾಂಶುಪಾಲೆ ಮಹೇಶ್ವರಿ ಮೇಡಂ ಸಭೆಯಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದ್ದರು. ಒಮ್ಮೆ ಕೇಳಿ ನೋಡಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. ಇವತ್ತು ಕೇಳಿದ್ದೂ ಹೊತ್ತು ಹೋಗದೆ.

ಅದು ತುಂಗಭದ್ರೆಯ ನೆರೆಯ ಬಗ್ಗೆ ಅವನೇ ಬರೆದ ಪಿಎಚ್‌.ಡಿ. ಪ್ರಬಂಧ. ಬಡ್ತಿಗಾಗಿ ಬರೆದದ್ದು. ಪರೀಕ್ಷಕರೂ ಪೂರ್ತಿ ಓದಿಲ್ಲವೆಂಬುದು ಅವರ ಪ್ರಶ್ನೆಗಳಲ್ಲೇ ತಿಳಿದಿತ್ತು. ಓದಿದವಳು ಒಬ್ಬಳೇ: ಎಂ.ಎ. ವಿದ್ಯಾರ್ಥಿನಿ ದಿಲನಾಜ, ಹುಟ್ಟಿನಿಂದ ಕಣ್ಣು ಕಾಣದವಳು. "ನೆರಿ ಅಧ್ಯಾಯ ಮತ್ತ ಮತ್ತ ಕೇಳೇನ್ರಿ ಸರ್" ಎಂದು ಅವಳು ಅಂದ ದಿನವೆಲ್ಲ ಅವನು ಹಗುರಾಗಿ ಓಡಾಡಿದ್ದ.

ತಲೆಬರಹ ತಿದ್ದಿದ. ಕೇಳಿದ. ಸರಿಯಾಗಿತ್ತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು.

"ಸರ್, ಹೋಗೂಣೇನ್ರಿ? ಅಬ್ಬಾ ಕಾಯಾಕತ್ತಾರ." ದಿಲನಾಜ.

"ಎಲ್ಲಿಗೆ?"

"ಮರತ್ರೇನ್ರಿ? ಐರಣಿಗೆ. ನಾಳೆ ಮನಿ ಪಾಯಾ ತೋಡ್ತಾರ. ಇವತ್ತ ನೀವೊಮ್ಮೆ ನೋಡ್ಬೇಕಂತ."

ಹಾವೇರಿಯಿಂದ ರಾಣೆಬೆನ್ನೂರಿನ ಬಸ್ಸು. ಅವಳು ಹೇಳುತ್ತ ಹೋದಳು. ತಂದೆ ಫಕ್ಕೀರಸಾಬ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊತ್ತವರು. ಘಾಟು ಎದೆಗಿಳಿದಿದೆ, ಕೆಮ್ಮು ಬಿಡುವುದಿಲ್ಲ. ಅದಕ್ಕೇ ಅಮ್ಮನ ತವರಿನಲ್ಲಿ ಮನೆ.

"ದಿಬ್ಬದ ಮ್ಯಾಲ ಒಂದ ಜಾಗಾ ಇತ್ರಿ, ಹೊಳಿ ಕಡೆ ಒಂದ. ಮಾಮೂ ದಿಬ್ಬಾನ ಚೊಲೊ ಅಂದ. ನಾ ನಿಮ್ಮ ಕೋಷ್ಟಕಾ ಕೇಳಿಸಿದೆ. ಎಲ್ಲಾರೂ ಹೊಳಿ ಕಡೇದಕ್ಕ ಹೂಂ ಅಂದ್ರು."

ವೀರೇಂದ್ರ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ಆ ಕೋಷ್ಟಕಾ ಹಳೇದು."

"ಹಳೇದಾದ್ರೇನ್ರಿ, ಹೊಳಿ ಅದ ಐತೆಲ್ಲ."

"ಹೌದು."

ಈಗ ಹೇಳಬಹುದಿತ್ತು. ಹೇಳಿದರೆ ಅವಳು ಮತ್ತೆಂದೂ ತನ್ನನ್ನು ಓದುವುದಿಲ್ಲ ಅನ್ನಿಸಿತು. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆಗದಿದ್ದುದಕ್ಕೇ ಅವನಿಗೆ ಹೆದರಿಕೆಯಾಯಿತು.

ಐರಣಿಯಲ್ಲಿ ಬೇಸಿಗೆಯ ಹೊಳೆ ಮರಳಿನ ಆಚೆ ಎಲ್ಲೋ ಬಡವಾಗಿ ಹರಿಯುತ್ತಿತ್ತು. ಫಕ್ಕೀರಸಾಬ ಎದೆಗೆ ಕೈಯಿಟ್ಟು ಸಲಾಮು ಹೇಳಿದರು.

"ಬರ್ರಿ ಸರ. ದಿಬ್ಬದ ಜಾಗಾ ಬಿಟ್ಟಕೊಟ್ಟೇವ್ರಿ. ನಿಮ್ಮ ಪುಸ್ತಕದಾಗ ಐತೆಂದ ಮ್ಯಾಲ ಮುಗೀತು."

"ಒಂದ ಮಳಿಗಾಲ ನೋಡಿ ಕಟ್ಟಿಸಿದ್ರ ಹೆಂಗ್ರಿ?" ಅಂದ ವೀರೇಂದ್ರ.

ಮುದುಕರಿಗೆ ಕೆಮ್ಮು ಬಂತು. ಆಮೇಲೆ ಅವರು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು:

"ನೀವ ಬರದದ್ದಲ್ರಿ ಅದು? ಖರೇ ಹೌದಲ್ರಿ?"

ದಿಲನಾಜ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿ ಕಾಯುತ್ತಿದ್ದಳು.

"ಬರದದ್ದು ಖರೇ ಐತ್ರಿ," ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮನೆಯ ಗೆರೆ ಎಳೆದಿದ್ದರು. ಅದನ್ನು ಅವಳಿಗೆ ಯಾರೋ ಕೈಹಿಡಿದು ನಡೆಸಿ ಕಲಿಸಿದ್ದರೆಂದು ಕಾಣುತ್ತದೆ. ಕೋಲನ್ನು ಹೊರಗೇ ಬಿಟ್ಟು ಒಳಗೆ ಹೋದಳು.

"ಇದು ಪಡಸಾಲಿ. ಅದು ಅಡಗಿಮನಿ. ಗ್ವಾಡಿ ತುಳೀಬ್ಯಾಡ್ರಿ ಸರ್, ಬಾಗಿಲದಾಗ ಬರ್ರಿ."

ಅವನು ಬಾಗಿಲಲ್ಲೇ ಬಂದ. ಹಿಂದೆ ಫಕ್ಕೀರಸಾಬರು ಬಂದರು. ದಿಲನಾಜ ನಗುತ್ತ ಗಾಳಿಯಲ್ಲಿ ಕೈಯೆಳೆದು ಬಾಗಿಲು ಹಾಕಿದಳು.

ಗಾಳಿ ಎದ್ದಿತು. ಹೊಳೆಯ ಬದಿಯ ಬಿಳಿ ಗೆರೆ ಹೊಗೆಯಂತೆ ಮೇಲೆದ್ದು ಸ್ವಲ್ಪಸ್ವಲ್ಪವಾಗಿ ಇಲ್ಲವಾಗತೊಡಗಿತು. ಮುದುಕರು ಮಗಳಿಗೆ ಕಿಟಕಿ ಎಲ್ಲಿ ಬರಬೇಕೆಂದು ಹೇಳುತ್ತಿದ್ದರು. ವೀರೇಂದ್ರ ಕಾಲು ಕೂಡಿಸಿಕೊಂಡು, ಉಳಿದ ಗೋಡೆಗಳನ್ನು ತುಳಿಯದಂತೆ, ಪಡಸಾಲೆಯ ನಡುವೆ ನಿಂತೇ ಇದ್ದ.