ಕರಡಿಯ ಕಂಕುಳಲ್ಲಿ ಐಸ್ ಪ್ಯಾಕ್

ಆಟಿಕೆ ಅಂಗಡಿಯ ಮುಂದೆ ಸುಡುಬಿಸಿಲಲ್ಲಿ ಕುಣಿಯುತ್ತಿದ್ದ ಕರಡಿ ಧೊಪ್ಪನೆ ಬಿತ್ತು. ಪಕ್ಕದ ಕ್ಲಿನಿಕ್ಕಿನ ನರ್ಸು ಐಸ್ ಪ್ಯಾಕುಗಳ ಸಮೇತ ಓಡಿಬಂದು, ಅಂಗಡಿಯವನ ಜೊತೆ ಅದನ್ನು ಒಳಗೆಳೆದು ವೇಷದ ತಲೆ ಕಳಚಿದಳು. ನೋಡಿದರೆ, ದಿನಾ ಲೈಬ್ರರಿಗೆಂದು ಮನೆ ಬಿಡುವ ಅವಳ ಮಾವ!

ವೇಷ ಬಿಚ್ಚಿ ಕತ್ತಿಗೆ, ಕಂಕುಳಿಗೆ ಪ್ಯಾಕ್ ಒತ್ತಿದಳು. ತೊಡೆಸಂದಿಗೆ ಇಡಹೋದಾಗ ಮಾವ ಕಣ್ಣು ಬಿಟ್ಟು ತೊದಲಿದರು.

"ಅಯ್ಯೋ, ಅಲ್ಲಿ ಬೇಡಮ್ಮಾ!"

"ಬೀದೀಲಿ ಕುಣಿಯೋವಾಗ ಇಲ್ಲದ ನಾಚಿಕೆ ಈಗ್ಯಾಕೆ ಮಾವ? ಸುಮ್ನೆ ಮಲ್ಕೊಳ್ಳಿ."

ಮಾವನ ಮೈ ತಣಿಯಿತು, ಮಾತು ನೆಟ್ಟಗಾಯಿತು. ಹೊರಗೆ ಮಾತ್ರ ಮಕ್ಕಳು "ಕರಡಿ ಸತ್ತೋಯ್ತು" ಎಂದು ಗಂಟಲು ಹರಿಯುವಂತೆ ಅಳುತ್ತಿದ್ದರು. ನರ್ಸಿಗೆ ತಡೆಯಲಾಗಲಿಲ್ಲ. ಉಳಿದ ಪ್ಯಾಕುಗಳನ್ನು ತನ್ನ ಕಂಕುಳಿಗೇ ಸಿಕ್ಕಿಸಿ, ವೇಷ ತೊಟ್ಟು ಬೀದಿಗಿಳಿದಳು. ಮಕ್ಕಳು ಕೇಕೆ ಹಾಕಿದರು.

ಒಳಗಿಂದ ಮಾವ ಕೂಗಿದರು: "ಸೊಂಟ ಕುಣಿಸಮ್ಮಾ, ಸೊಂಟ! ನನ್ನ ಮರ್ಯಾದೆ ಕಳೀಬೇಡ!"